ಅಕ್ಕ ಕೊಡದ ಗೋಲ್‌ಕೀಪರ್

ನಮ್ಮ ಅಕ್ಕನ ಬಗ್ಗೆ ಯಾರಾದರೂ "ಪಾಪ, ಒಳ್ಳೆಯವಳು" ಅಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಒಳ್ಳೆಯವಳೇನೋ ಹೌದು, ಪಾಪ ಯಾಕೆ? ಅವಳನ್ನು ಆ ಸ್ಥಿತಿಗೆ ತಂದವರು ಇವತ್ತಿಗೂ ಹೊಟ್ಟೆ ತುಂಬಾ ಉಂಡು ಕಣ್ತುಂಬಾ ನಿದ್ದೆ ಮಾಡುತ್ತಿದ್ದಾರೆ. ಅವರನ್ನು ಒಂದು ಮಾತೂ ಅನ್ನದೆ ಇವಳಿಗೆ ಪಾಪ ಅನ್ನುವುದು ಯಾವ ನ್ಯಾಯ ಅಂತ ಕೇಳಿದರೆ, "ಮೊಬೈಲ್ ಆಟಕ್ಕೆ ಇಷ್ಟು ಸಿಟ್ಟಾ?" ಅನ್ನುತ್ತಾರೆ. ಹೌದು ಸ್ವಾಮಿ, ಮೊಬೈಲ್ ಆಟಕ್ಕೇ. ಮನುಷ್ಯರ ಬುದ್ಧಿ ಆಟದಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಕ್ಕ ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಬಟ್ಟೆ ತೆಗೆದುಕೊಳ್ಳುವ ಕೌಂಟರು ಅವಳದು, ಮಧ್ಯಾಹ್ನದ ಮೇಲೆ ಇಸ್ತ್ರಿ ಮೇಜೂ ಅವಳದೇ. ಯಾರು ಏನೇ ತಂದುಕೊಡಲಿ, ಒಳಮಗ್ಗುಲು ಹೊರಗೆ ತಿರುಗಿಸಿ ನೋಡದೆ ರಸೀದಿ ಹರಿದುಕೊಡುವವಳಲ್ಲ. ಗಿರಾಕಿಗಳಿಗೆ ಇದು ಕಿರಿಕಿರಿ. "ಅಂಗಿ ಕೊಟ್ಟರೆ ಜಾತಕ ನೋಡ್ತೀರಲ್ಲಮ್ಮ" ಎಂದು ಗೊಣಗುತ್ತಾರೆ. ಅವಳು ತಲೆಯೆತ್ತುವುದಿಲ್ಲ, ಹೊಲಿಗೆ ಬಿಟ್ಟ ಜಾಗಕ್ಕೆ ಪಿನ್ನು ಚುಚ್ಚಿ ಮುಂದಿನದಕ್ಕೆ ಕೈ ಹಾಕುತ್ತಾಳೆ.

ಭಾವ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಏಣಿಯಿಂದ ಬಿದ್ದು ಬೆನ್ನು ಹೋಯಿತು. ಈಗ ನಡೆಯುತ್ತಾರೆ, ಆದರೆ ಅರ್ಧ ತಾಸು ಕೂತರೆ ಅರ್ಧ ತಾಸು ಮಲಗಬೇಕು. ಕಿಟಕಿಯ ಪಕ್ಕದ ಗಟ್ಟಿ ಮಂಚವೇ ಅವರ ಲೋಕ. ಆ ಲೋಕದಲ್ಲಿ ಜನ ಅಂತ ಇದ್ದವರು ಮೊಬೈಲಿನ ಫುಟ್‌ಬಾಲ್ ಗುಂಪಿನವರು ಮಾತ್ರ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಆಟದಲ್ಲಿ ಚೆಂಡು ಒದೆಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತಂಡ. ಆಟಗಾರರು ಕಂಪ್ಯೂಟರ್ ಹುಟ್ಟಿಸಿದವರು, ಆದರೂ ಅವರಿಗೆ ವಯಸ್ಸಾಗುತ್ತದೆ, ಕಾಲು ಉಳುಕುತ್ತದೆ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು ಎನ್ನುವುದಷ್ಟೇ ನಮ್ಮ ಕೆಲಸ. ಪಂದ್ಯವನ್ನು ಆಟವೇ ಆಡಿ ಫಲಿತಾಂಶ ಹೇಳುತ್ತದೆ. ಇವರ ಗುಂಪಿನಲ್ಲಿ ಹದಿನಾರು ತಂಡ. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿ ಉಳಿದ ಒಬ್ಬರು ಗುಂಪಿನಿಂದಲೇ ಹೊರಗೆ, ಕಾಯುತ್ತಿರುವ ಇನ್ಯಾರೋ ಒಳಗೆ.

ಭಾವ ಆಸ್ಪತ್ರೆಯಲ್ಲಿದ್ದಾಗ ತಂಡ ನೋಡಿಕೊಂಡವಳು ಅಕ್ಕ. "ಏನೇ, ಆ ಹನ್ನೊಂದು ಜನರನ್ನ ಹಾಕಿಬಿಡೇ, ನಾಳೆ ಪಂದ್ಯ" ಎಂದು ಸ್ಟ್ರೆಚರಿನ ಮೇಲಿಂದಲೇ ಹೇಳಿದ್ದರಂತೆ ಮಹಾನುಭಾವರು. ಹಾಗೆ ಹತ್ತಿದ ಹುಚ್ಚು, ಮುಂದಿನ ವರ್ಷ ಅವಳಿಗೇ ಒಂದು ತಂಡ ಆಯಿತು. ಅದರ ಮುಂದಿನ ವರ್ಷ ಗುಂಪಿನವರೆಲ್ಲ ಸೇರಿ ಅವಳನ್ನು ತೀರ್ಪುಗಾರಳನ್ನಾಗಿ ಮಾಡಿದರು. ತಂಡ ತಂಡಗಳ ನಡುವೆ ಆಟಗಾರರ ಅದಲುಬದಲು ಏನೇ ನಡೆಯಲಿ, ಒಂದು ದಿನ ಎಲ್ಲರ ಕಣ್ಣ ಮುಂದೆ ಗುಂಪಿನಲ್ಲಿ ಇರಬೇಕು. ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದು, ಕೊನೆಯ ಮಾತು ಅಕ್ಕನದು. ಅವಳಿಗೆ ಅಲ್ಲಿ 'ತಕ್ಕಡಿ' ಅಂತಲೇ ಹೆಸರು.

ಪ್ರತಿ ಆಟಗಾರನ ಮುಂದೆಯೂ ಆಟವೇ ಒಂದು ಬೆಲೆ ತೋರಿಸುತ್ತದೆ. ಅಕ್ಕ ಅದನ್ನು ನಂಬುತ್ತಿರಲಿಲ್ಲ. ಮುದಿಯನಿಗೆ ಹಳೆಯ ಗೋಲುಗಳ ಲೆಕ್ಕದಲ್ಲಿ ಬೆಲೆ ಜಾಸ್ತಿ ಇರುತ್ತದೆ, ಬೆಳೆಯುವವನಿಗೆ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಅವಳ ದಾರಿಯೇ ಬೇರೆ. ವ್ಯಾಪಾರ ತಂದವನಿಗೆ ಒಂದೇ ಪ್ರಶ್ನೆ: "ತಿರುಗಿಸಿ ಕೇಳ್ತೀನಿ. ಇದೇ ಮಾತು ಆ ಕಡೆಯಿಂದ ನಿಮಗೆ ಬಂದಿದ್ರೆ ಒಪ್ತಿದ್ರಾ?" ತಡವರಿಸಿದವನ ವ್ಯಾಪಾರ ರದ್ದು. ಒಮ್ಮೆ ಕನ್ನಡಕದ ಅಂಗಡಿಯವನು ಮಂಡಿ ಸವೆದ ಫಾರ್ವರ್ಡ್ ಒಬ್ಬನನ್ನು ಕೊಟ್ಟು ಎಳೆಯ ಆಟಗಾರರಿಬ್ಬರನ್ನು ಹೊಡೆದುಕೊಳ್ಳಲು ನೋಡಿದ್ದ. ಬೆಲೆ ಸರಿಸಮ ಇತ್ತು. ತಿರುಗಿಸಿ ಕೇಳಿದ್ದಕ್ಕೆ, "ನಾನು ಯಾಕೆ ತಗೋತೀನಿ, ನನಗೇನು ತಲೆ ಕೆಟ್ಟಿದೆಯಾ" ಎಂದು ತಾನೇ ಬರೆದು ಸಿಕ್ಕಿಬಿದ್ದ. ಗುಂಪೆಲ್ಲ ಒಂದು ವಾರ ನಕ್ಕಿತು.

ಇನ್ನು ಅಧ್ಯಕ್ಷರು. ಟೈಲ್ಸ್ ಅಂಗಡಿಯ ಮಾಲೀಕರು, ಗುಂಪು ಕಟ್ಟಿದವರು, ಮಾತಿನಲ್ಲಿ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಅವರ ಹೆಂಡತಿಗೂ ಒಂದು ತಂಡವಿತ್ತು, ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ಮೇಡಂ ಗುಂಪಿನಲ್ಲಿ ಮಾತಾಡಿದ್ದು ಕಡಿಮೆ. "ನಮ್ಮನೆಯವರು ಮೌನಿ, ಆದರೆ ಭಾರಿ ಬುದ್ಧಿವಂತೆ" ಎಂದು ಅಧ್ಯಕ್ಷರೇ ಅವರ ಪರವಾಗಿ ಹೇಳುತ್ತಿದ್ದರು.

ಕಳೆದ ವರ್ಷ ಭಾವನ ತಂಡಕ್ಕೆ ಗ್ರಹಚಾರ ಕೆಟ್ಟಿತ್ತು. ಅವರ ಗೋಲ್‌ಕೀಪರ್ ಬಂದ ಚೆಂಡಿಗೆಲ್ಲ ದಾರಿ ಬಿಡುವ ಮಹರಾಯ. ಅಕ್ಕನ ಬಳಿ ಇಬ್ಬರು ಒಳ್ಳೆಯ ಗೋಲ್‌ಕೀಪರ್‌ಗಳು, ಎರಡನೆಯವನು ವರ್ಷವಿಡೀ ಬೆಂಚು ಕಾಯುತ್ತಿದ್ದ. ಭಾವ ಕೇಳಿದರು. ತಮಾಷೆಯಾಗಿ ಕೇಳಿದರು, ಮುನಿಸಿಕೊಂಡು ಕೇಳಿದರು, ಕೊನೆಗೆ ಎಲ್ಲರ ಹಾಗೆ ಗುಂಪಿನಲ್ಲಿ ಹಾಕಿಯೇ ಕೇಳಿದರು, ಬದಲಿಗೆ ತಮ್ಮ ಅತ್ಯುತ್ತಮ ಡಿಫೆಂಡರನ್ನು ಕೊಡುತ್ತೇನೆಂದರು. ಆಗ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಒಂದೇ ಮನೆಯ ಎರಡು ತಂಡಗಳ ನಡುವೆ ವ್ಯಾಪಾರ ನಡೆದರೆ ಉಳಿದವರಿಗೆ ಅನುಮಾನ ಬರುತ್ತದೆ, ನಾನೂ ನನ್ನ ಹೆಂಡತಿಯೂ ಒಂದು ದಿನವೂ ಮಾಡಿಲ್ಲ, ಇದನ್ನು ನಿಯಮ ಮಾಡಿಬಿಡೋಣ ಎಂದು ಬರೆದರು. ಅಕ್ಕ ಹಿಂದೆಮುಂದೆ ನೋಡದೆ ಒಪ್ಪಿದಳು.

"ಡಿಫೆಂಡರನ್ನ ಕೊಡ್ತೀನಿ ಅಂದೆನಲ್ಲೇ. ಬಿಟ್ಟಿ ಕೇಳಿದ್ನಾ?" ಅಂದರು ಭಾವ.

"ಬಿಟ್ಟಿ ಅಲ್ಲ ರೀ. ಆದ್ರೆ ಮನೆಯೊಳಗಿನದು ಬೇಡ. ನಾನು ಕೂತಿರೋ ಜಾಗ ಅಂಥದ್ದು."

"ನಾನು ಮಲಗಿರೋ ಜಾಗ ಎಂಥದ್ದು ಅಂತ ಗೊತ್ತಲ್ಲ ನಿನಗೆ?"

ಅಕ್ಕ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತಿದ್ದೆ. ಇಬ್ಬರ ಮೇಲೂ ರೇಗಿತು.

ವರ್ಷದ ಕೊನೆಯ ವಾರ ತಳದಲ್ಲಿ ಎರಡು ತಂಡ, ಭಾವನದು ಮತ್ತು ಮೇಡಂನದು. ಕನ್ನಡಕದ ಅಂಗಡಿಯವನು ಮೇಡಂಗೆ ಒಬ್ಬ ಒಳ್ಳೆಯ ಫಾರ್ವರ್ಡನ್ನು ಕೊಟ್ಟು ಒಬ್ಬ ಮಿಡ್‌ಫೀಲ್ಡರನ್ನು ತೆಗೆದುಕೊಂಡ. ಅಕ್ಕ ತಿರುಗಿಸಿ ಕೇಳಿದಳು. "ಖಂಡಿತ ಒಪ್ತಿದ್ದೆ" ಅಂದ. ಕಂಡಮಟ್ಟಿಗೆ ಸರಿಸಮವೇ ಇತ್ತು, ಅಕ್ಕ ಒಪ್ಪಿಗೆ ಕೊಟ್ಟಳು. ಕೊನೆಯ ಪಂದ್ಯದಲ್ಲಿ ಆ ಫಾರ್ವರ್ಡ್ ಗೋಲು ಹೊಡೆದ, ಭಾವನ ಗೋಲ್‌ಕೀಪರ್ ಯಥಾಪ್ರಕಾರ ದಾರಿ ಬಿಟ್ಟ. ಒಂದೇ ಒಂದು ಅಂಕಕ್ಕೆ ಭಾವ ಹೊರಗೆ ಬಿದ್ದರು. ದಿನವಿಡೀ ಟಿಂಗ್ ಟಿಂಗ್ ಅನ್ನುತ್ತಿದ್ದ ಅವರ ಫೋನು ತಣ್ಣಗಾಯಿತು. ಹೊರಗೆ ಹೋದವನಿಗೆ ಯಾರು ಬರೆಯುತ್ತಾರೆ? ಭಾವ ಕಿಟಕಿ ಕಡೆ ಮುಖ ಮಾಡಿ ಮಲಗುವುದು ಜಾಸ್ತಿಯಾಯಿತು.

ಆಮೇಲೆ ಒಂದು ಮಧ್ಯಾಹ್ನ ಲಾಂಡ್ರಿಗೆ ಒಬ್ಬಾಕೆ ಪರದೆಗಳನ್ನೂ ಒಂದು ಕೋಟನ್ನೂ ತಂದರು. ಅಕ್ಕ ಕೋಟು ತಿರುಗಿಸಿದರೆ ಒಳಜೇಬಿನ ಮೇಲೆ ಟೈಲ್ಸ್ ಅಂಗಡಿಯ ಹೆಸರು. ಅಕ್ಕನಿಗೆ ಖುಷಿಯಾಯಿತು. ಎಷ್ಟೆಂದರೂ ಇಷ್ಟು ವರ್ಷ ಜೊತೆಗೆ ಆಡಿದವರು.

"ನೀವು ಮೇಡಂ ಅಲ್ವಾ? ಆ ಫಾರ್ವರ್ಡ್ ನಿಮ್ಮನ್ನ ಉಳಿಸಿಬಿಟ್ಟ ಬಿಡಿ."

"ಯಾರಮ್ಮ ಉಳಿಸಿದ್ದು?"

"ಅದೇ, ನಿಮ್ಮ ಫುಟ್‌ಬಾಲ್ ತಂಡದವನು."

ಆಕೆ ನಕ್ಕರು. "ನನಗೆಲ್ಲಿಯ ತಂಡ? ಫುಟ್‌ಬಾಲ್ ಇದ್ದ ದಿನ ಟಿವಿ ರಿಮೋಟ್ ನನ್ನ ಕೈಗೆ ಸಿಗಲ್ಲ, ಅಷ್ಟೇ ನನಗೆ ಗೊತ್ತಿರೋದು. ಪರದೆ ಶನಿವಾರಕ್ಕೆ ಆಗುತ್ತಾ?"

ಆಗುತ್ತೆ ಅಂದಳಂತೆ ಅಕ್ಕ. ಅಂದು ಇಸ್ತ್ರಿ ಮೇಜಿನಲ್ಲಿ ಯಾರದೋ ಅಂಗಿಯ ತೋಳು ಸುಟ್ಟಳು. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

ಮನೆಗೆ ಬಂದು ಹಳೆಯ ವ್ಯಾಪಾರಗಳನ್ನೆಲ್ಲ ಕೆದಕಿದಳು. ಮೇಡಂ ತಂಡದ ಒಳ್ಳೆಯ ಆಟಗಾರ ಕನ್ನಡಕದವನ ತಂಡಕ್ಕೆ, ವಾರ ಬಿಟ್ಟು ಅಲ್ಲಿಂದ ಅಧ್ಯಕ್ಷರ ತಂಡಕ್ಕೆ. ಪ್ರತಿ ಸಲವೂ ಇದೇ ದಾರಿ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಸರಿ, ಸಾಲಾಗಿ ಇಟ್ಟು ನೋಡಿದರೆ ಹಗಲುದರೋಡೆ. ಅಕ್ಕ ಪ್ರತಿಯೊಂದನ್ನೂ ತಿರುಗಿಸಿ ನೋಡಿದ್ದಳು, ಸಾಲಾಗಿ ಇಟ್ಟು ನೋಡಿರಲಿಲ್ಲ. ತನ್ನ ಗಂಡನನ್ನು ಹೊರಗೆ ಹಾಕಿದ ಆ ಫಾರ್ವರ್ಡಿಗೂ ಒಪ್ಪಿಗೆ ಕೊಟ್ಟವಳು ತಾನೇ.

"ನನ್ನ ಕೈಯಾರೆ" ಎಂದಳು, ಅಷ್ಟೇ. ನಾನು ಹಲ್ಲು ಕಡಿಯುತ್ತಾ ಕೂತಿದ್ದೆ.

ಮೇಡಂ ತಂಡ ನಡೆಸುತ್ತಿರುವುದು ಯಾರೆಂದು ಅಧ್ಯಕ್ಷರಿಗೊಬ್ಬರಿಗೇ ಬರೆದು ಕೇಳಿದಳು. ಆ ಮನುಷ್ಯ ಕೂಡಲೇ ಫೋನು ಮಾಡಿದ. ಅಕ್ಕ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು.

"ಆಟ ಅಂದ ಮೇಲೆ ಇದೆಲ್ಲ ಇರುತ್ತಮ್ಮ. ದೊಡ್ಡದು ಮಾಡಬೇಡಿ. ಒಂದು ಕೆಲಸ ಮಾಡೋಣ, ಆ ತಂಡಾನ ಹಾಗೇ ನಿಮ್ಮ ಯಜಮಾನರಿಗೆ ಕೊಟ್ಟುಬಿಡ್ತೀನಿ. ಪಾಪ ಮನೇಲೇ ಇರ್ತಾರೆ, ಅವರಿಗೂ ಹೊತ್ತು ಹೋಗಬೇಕು. ನೀವು ಈ ವಿಷಯ ಇಲ್ಲಿಗೇ ಬಿಡಿ. ಇಬ್ಬರಿಗೂ ಲಾಭ."

ಯೋಚಿಸಿ ಹೇಳುತ್ತೇನೆಂದು ಅಕ್ಕ ಫೋನಿಟ್ಟಳು. ಆ 'ಪಾಪ'ಕ್ಕೇ ಅವನ ಕಪಾಳಕ್ಕೆ ಬಿಗಿಯಬೇಕಿತ್ತು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಆದರೆ ಭಾವನ ಮುಖ ನೋಡಿದೆ. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಜೀವ ಬಂದಿತ್ತು.

"ಆಗಲಿ ಅಂತ ಹೇಳೇ" ಅಂದರು ಮೆಲ್ಲಗೆ.

ಅಕ್ಕ ಮಂಚದ ತುದಿಯಲ್ಲಿ ಕೂತಳು. "ತಿರುಗಿಸಿ ಕೇಳ್ತೀನಿ ರೀ. ಬೇರೆ ಯಾರೋ ಗಂಡ ಹೆಂಡತಿ ಒಳಗೊಳಗೇ ಹೀಗೆ ಮಾತಾಡ್ಕೊಂಡು, ನೀವು ಹೊರಗೆ ಕೂತಿದ್ರೆ ಏನಂತಿದ್ರಿ?"

"ನಾನು ಈಗ ಹೊರಗೇ ಕೂತಿದೀನಲ್ಲೇ" ಅಂದರು ಭಾವ.

ಅವಳ ಪ್ರಶ್ನೆಗೆ ಇಷ್ಟು ವರ್ಷದಲ್ಲಿ ಬಂದ ಉತ್ತರಗಳಲ್ಲಿ ಅದೊಂದೇ ಅವಳ ಬಾಯಿ ಕಟ್ಟಿಸಿದ್ದು. ಮಂಚದ ಮೇಲಿದ್ದ ಫೋನು ಕೈಗೆತ್ತಿಕೊಂಡಳು. ಒಪ್ಪಿಕೊಳ್ಳಲಿ ಎಂದು ನನ್ನ ಮನಸ್ಸೂ ಅಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳು ಎಲ್ಲ ವ್ಯಾಪಾರಗಳಿಗೂ ಮಾಡುವುದನ್ನೇ ಮಾಡಿದಳು. ನಡೆದದ್ದನ್ನು ಒಂದೂ ಬಿಡದೆ ಗುಂಪಿನಲ್ಲಿ ಹಾಕಿದಳು. ಕೊಡುವುದು: ನನ್ನ ಗಂಡನಿಗೆ ಒಂದು ಜಾಗ. ತೆಗೆದುಕೊಳ್ಳುವುದು: ನನ್ನ ಬಾಯಿಗೆ ಬೀಗ. ಒಂದು ದಿನ ಇರುತ್ತದೆ, ಅಭಿಪ್ರಾಯ ಹೇಳಿ.

ಭಾವ ಗೋಡೆ ಕಡೆ ಹೊರಳಿದರು.

ಗುಂಪು ಹೊತ್ತಿ ಉರಿಯುತ್ತದೆ ಅಂದುಕೊಂಡಿದ್ದೆ. ಏನು ಬಂತು ಗೊತ್ತೇ? "ನ್ಯಾಯವಾಗಿದೆ." "ಇಬ್ಬರಿಗೂ ಒಳ್ಳೆಯದು, ಮುಗಿಸಿಬಿಡಿ." "ತಕ್ಕಡಿ ಅವರೇ, ಮನೆಯವರು ವಾಪಸ್ ಬರಲಿ, ನಮಗೂ ಖುಷಿ." ಅನ್ಯಾಯ ಅಂದವರು ಇಬ್ಬರು, ಅವರಲ್ಲೂ ಒಬ್ಬ ಸಂಜೆಯೊಳಗೆ ಮಾತು ಅಳಿಸಿಹಾಕಿದ. ವರ್ಷಗಟ್ಟಲೆ ಇವರ ಕಣ್ಣಿಗೆ ಮಣ್ಣೆರಚಿದವನನ್ನು ಒಬ್ಬರೂ ಯಾಕಯ್ಯ ಅಂತ ಕೇಳಲಿಲ್ಲ. ಅವನು ನಗುಮುಖದ ಒಂದು ಚಿತ್ರ ಹಾಕಿ ಸುಮ್ಮನಾದ. ಥೂ, ಇಂಥವರಿಗಾಗಿ ಗಂಡನನ್ನು ಗೋಳು ಹುಯ್ದುಕೊಂಡಳಲ್ಲ ಇವಳು ಅಂತ ನನಗೆ ಅಳುವೇ ಬಂತು.

ಮರುದಿನ ಸಂಜೆ ಅಕ್ಕ ಅದರ ಕೆಳಗೆ "ರದ್ದು" ಎಂದು ಬರೆದಳು. ಕಾರಣ ಬರೆಯಲಿಲ್ಲ. ಆಮೇಲೆ ತನ್ನ ತಂಡವನ್ನೂ ಮುಚ್ಚಲು ಕೂತಳು. ಮುಚ್ಚುವ ಮೊದಲು ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬಿಡುಗಡೆ ಮಾಡಬೇಕು. ಬಿಡುಗಡೆಯ ಗುಂಡಿ ಒತ್ತುತ್ತಾ ಬಂದವಳು ಒಬ್ಬನ ಹತ್ತಿರ ನಿಂತಳು. ಎದ್ದುಹೋಗಿ ಫೋನನ್ನು ಭಾವನ ಮುಂದೆ ಹಿಡಿದಳು.

"ಇವನನ್ನ ನೀವೇ ಒತ್ತಿಬಿಡಿ."

ಬೇರೆಯವರ ಆಟಗಾರನ ಹೆಸರು, ವಯಸ್ಸು, ಬೆಲೆ ಮಾತ್ರ ಹೊರಗಿನವರಿಗೆ ಕಾಣುವುದು. ಅವನ ನಿಜವಾದ ಶಕ್ತಿ ಎಷ್ಟೆಂದು ತಂಡ ನಡೆಸುವವರಿಗಷ್ಟೇ ಗೊತ್ತು. ಒಂದೇ ಮನೆಯಲ್ಲಿದ್ದೂ ಅಕ್ಕ ಭಾವನಿಗೆ ಒಂದು ದಿನವೂ ತೋರಿಸಿರಲಿಲ್ಲ. ಭಾವ ಕನ್ನಡಕ ಹಾಕಿಕೊಂಡು ಆ ಎರಡನೇ ಗೋಲ್‌ಕೀಪರನ್ನು ಮೊದಲ ಸಲ ನೋಡಿದರು.

"ಇಷ್ಟು ಚೆನ್ನಾಗಿದ್ನಾ ಇವನು?"

"ಇದ್ದ."

"ಇವನೊಬ್ಬ ಸಿಕ್ಕಿದ್ರೆ ನಾನು ಉಳೀತಿದ್ದೆ."

"ಉಳೀತಿದ್ರಿ" ಅಂದಳು ಅಕ್ಕ.

ಭಾವ ಅವಳ ಮುಖವನ್ನೇ ನೋಡಿದರು. ಆಮೇಲೆ ಬೆರಳು ಇಟ್ಟು ಒತ್ತಿ, ಫೋನನ್ನು ಅವಳ ಕೈಗೇ ಕೊಟ್ಟರು.