ಸೌನಾದಲ್ಲಿ ಕಳೆದುಹೋದ ಲೇಬಲ್

ನನ್ನ ಗಂಡ ರೇಯೊ ಹೋದ ಫೆಬ್ರವರಿಯಲ್ಲಿ ತೀರಿಕೊಂಡ. ಮಣ್ಣು ಮಾಡುವ ದಿನ ಪಾದ್ರಿಗಳು ಅವನನ್ನು ಶಾಂತ ಸ್ವಭಾವದ ಶ್ರಮಜೀವಿ ಎಂದರು. ಆ ಮಾತು ಯಾರ ಗಂಡನಿಗಾದರೂ ಹೊಂದುತ್ತದೆ. ರೇಯೊ ಬೇರೆ ಜಾತಿಯ ಪೆದ್ದ.

ನಮ್ಮೂರು ರೌಮಾದ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ವರ್ಷ ದುಡಿದ. ನಿವೃತ್ತನಾದ ಮೇಲೆ ಒಂದು ವಾರ ಅಡುಗೆಮನೆಯಲ್ಲಿ ಕೂತು ನಾನು ಆಲೂಗಡ್ಡೆ ಸುಲಿಯುವುದನ್ನು ನೋಡಿದ. ಎಂಟನೆಯ ದಿನ, "ಹಳೇ ಸಾಮಾನಿನ ಸಂತೆಗಾದ್ರೂ ಹೋಗು ಮಾರಾಯ" ಎಂದು ಓಡಿಸಿದೆ. ಒಂದು ಪೆಟ್ಟಿಗೆ ವಿಡಿಯೋ ಗೇಮ್ ಕಾರ್ಟ್ರಿಜ್ ಹೊತ್ತು ತಂದ. ಅಂಗೈಯಗಲದ ಬೂದು ಪ್ಲಾಸ್ಟಿಕ್ ಡಬ್ಬಿಗಳು. ಮೇಲಿನ ಚಿತ್ರದ ಲೇಬಲ್ಲುಗಳೆಲ್ಲ ಎದ್ದು ಮೂಲೆ ಸುರುಟಿಕೊಂಡಿದ್ದವು.

"ಇದನ್ನಿಟ್ಕೊಂಡು ಏನ್ ಮಾಡ್ತೀಯ?"

"ಅಂಟಿಸ್ತೀನಿ."

"ಆಟ ಆಡೋಕೆ ಬರುತ್ತಾ ನಿಂಗೆ?"

"ಆಟ ಯಾರಿಗೆ ಬೇಕು? ಈ ಕಾಗದ ಮುಟ್ಟಿ ನೋಡು. ಎಷ್ಟು ಚೆನ್ನಾಗಿದೆ! ಅದಕ್ಕೊಂದು ಮರ್ಯಾದೆ ಕೊಟ್ಟಿಲ್ಲ ಇವ್ರು."

ಸಾಯುವವರೆಗೂ ಒಂದು ಆಟವನ್ನೂ ಆಡಲಿಲ್ಲ. ಅವನ ಕೈ ಸಲಿಕೆಯಷ್ಟು ದೊಡ್ಡದು. ಅದೇ ಕೈಯಲ್ಲಿ ಹಲ್ಲುಕಡ್ಡಿ ಹಿಡಿದು ಎದ್ದ ಮೂಲೆಯ ಕೆಳಗೆ ಬಿಳಿ ಅಂಟು ಸವರುತ್ತಿದ್ದ. ಮೇಲೆ ಎಣ್ಣೆಕಾಗದ ಇಟ್ಟು ನನ್ನ ಮರದ ಸೌಟಿನಿಂದ ತಿಕ್ಕುತ್ತಿದ್ದ. ಆಮೇಲೆ ನನ್ನ ಬಟ್ಟೆ ಕ್ಲಿಪ್ಪು ಹಾಕುತ್ತಿದ್ದ. ಒಗೆದ ಬಟ್ಟೆ ಗಾಳಿಗೆ ಹಾರಿ ಪಕ್ಕದವರ ಅಂಗಳ ಸೇರುತ್ತಿತ್ತು.

ಲೇಬಲ್ಲು ಅರ್ಧಕ್ಕರ್ಧ ಎದ್ದಿದ್ದರೆ ಪೂರ್ತಿ ಬಿಡಿಸಿ ಮತ್ತೆ ಅಂಟಿಸಬೇಕು. ಅದಕ್ಕೆ ಅವನಿಗೆ ಸೌನಾ, ಅಂದರೆ ನಮ್ಮ ಹಬೆಸ್ನಾನದ ಕೋಣೆ, ಬೇಕಿತ್ತು. ಒಲೆಯನ್ನು ಸಣ್ಣಗೆ ಉರಿಸಿ, ಕಲ್ಲಿಗೆ ಸ್ವಲ್ಪ ನೀರು ಚಿಮುಕಿಸಿ, ಕಾರ್ಟ್ರಿಜ್ಜುಗಳನ್ನು ಮೇಲಿನ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದ. ಹಬೆಗೆ ಹಳೆಯ ಅಂಟು ಮೆತ್ತಗಾಗಿ, ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಲೇಬಲ್ಲು ಬಿಟ್ಟುಕೊಳ್ಳುತ್ತಿತ್ತು. ಒಳ್ಳೆಯ ಜಾಗವೆಲ್ಲ ಅವಕ್ಕೆ, ಕೆಳಗಿನ ಬೆಂಚು ನನಗೆ. ಎಷ್ಟು ವರ್ಷ ಜಗಳವಾಡಿದೆ. ಈಗ ಮೇಲಿನ ಬೆಂಚೆಲ್ಲ ನನ್ನದೇ. ಕೂರಲು ಮನಸ್ಸಾಗುವುದಿಲ್ಲ.

ಅವನಿದ್ದಾಗ ಒಂದು ವರ್ಷ, ಜೂನ್ ತಿಂಗಳ ಶುಕ್ರವಾರ, ಟ್ಯಾಕ್ಸಿ ಓಡಿಸುವ ಮೆರ್ವಿ ಸರಿಮಾಡಿಸಲು ಒಂದು ಕಾರ್ಟ್ರಿಜ್ ತಂದಳು. ಲೇಬಲ್ಲಿನ ಮೇಲೆ ಮಕ್ಕಳ ಅಕ್ಷರದಲ್ಲಿ ಎರಡು ಹೆಸರು: ಮೆರ್ವಿ, ಸಾತು. ಸಾತು ಅವಳ ತಂಗಿ. ತಾಯಿ ತೀರಿಕೊಂಡು ಮನೆ ಖಾಲಿ ಮಾಡಿದ ದಿನ ಇದು ತನಗೆ ಬೇಕು, ತನಗೆ ಬೇಕು ಎಂದು ಇಬ್ಬರೂ ಎಳೆದಾಡಿದ್ದರಂತೆ. ಲೇಬಲ್ಲು ಎದ್ದದ್ದು ಆಗಲೇ. ಸಾತು ಸ್ವೀಡನ್ನಿಗೆ ಹೋದಳು. ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ.

"ನಾಡಿದ್ದು ಮಧ್ಯಾಹ್ನ ಬರ್ತಿದಾಳೆ ರೇಯೊ. ಇದನ್ನ ಅವಳಿಗೇ ಕೊಟ್ಬಿಡ್ತೀನಿ. ಆದ್ರೆ ಹರಿದಿದ್ರೆ, ನಾನೇ ಬೇಕಂತ ಹರಿದೆ ಅಂತಾಳೆ. ಬಂದ ಹಡಗಲ್ಲೇ ವಾಪಸ್ ಹೋಗ್ತಾಳೆ. ಅವಳನ್ನ ನೀನು ಕಂಡಿಲ್ಲ."

"ಹರಿಯಲ್ಲ" ಎಂದ ರೇಯೊ. ಅವನ ಬಾಯಲ್ಲಿ ಅದು ದೊಡ್ಡ ಭಾಷಣ.

ಶನಿವಾರ ನಾಲ್ಕು ಗಂಟೆಗೆ ಸೌನಾದಲ್ಲಿ ಲೇಬಲ್ಲು ಬಿಡಿಸಿದ. ಚೂರೂ ಹರಿಯಲಿಲ್ಲ. ಅಂಟಿನ ಮೈ ಮೇಲೆ ಮಾಡಿ ಬೆಂಚಿನ ಮೇಲಿಟ್ಟು, ಡಬ್ಬಿಯ ಮೇಲೆ ಉಳಿದ ಅಂಟು ಕೆರೆಯಲು ಅಡುಗೆಮನೆಗೆ ಬಂದ.

ಅಷ್ಟರಲ್ಲಿ ಕಾಲೆರ್ವೊ ಬಂದ. ನನ್ನ ತಂಗಿ ರೈಲಿಯ ಗಂಡ. ಇಪ್ಪತ್ತು ವರ್ಷದಿಂದ ಪ್ರತಿ ಶನಿವಾರ ಕೇಳದೆ ಕರೆಯದೆ ಬಂದು, ಬಟ್ಟೆ ಬಿಚ್ಚಿ ಸೌನಾದಲ್ಲಿ ಕೂರುವವನು. ಕೂರಲು ಬೆಂಚಿನ ಮೇಲೆ ಹಾಸಿಕೊಳ್ಳಲಿ ಎಂದು ತುಂಡು ಬಟ್ಟೆ ಇಟ್ಟಿರುತ್ತೇನೆ. ಒಂದು ದಿನವೂ ಹಾಸಿಕೊಂಡವನಲ್ಲ. ಗೂಟದ ಮೇಲೆ ಅವನ ಪ್ಯಾಂಟು ಕಂಡು, ನೆಂಟನನ್ನು ಒಂಟಿಯಾಗಿ ಕೂರಿಸಬಾರದೆಂದು ರೇಯೊ ಕನ್ನಡಕ ತೆಗೆದಿಟ್ಟು ತಾನೂ ಒಳಗೆ ಹೋದ. ಬಿಸಿಗೆ ಲೇಬಲ್ಲಿನ ನೆನಪು ಹಾರಿತು. ಕಲ್ಲಿಗೆ ನೀರು ಹೊಯ್ದರು, ಮೈ ಹಗುರಾಗಲೆಂದು ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಹೊಡೆದುಕೊಂಡರು. ಕಾಲೆರ್ವೊ ಹೊರಗೆ ಬಂದು ಎರಡು ಸಾಸೇಜ್ ತಿಂದು ಸೈಕಲ್ ಹತ್ತಿ ಮನೆಗೆ ಹೋದ.

ರೇಯೊ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದ. ಮುಖ ಸುಣ್ಣವಾಗಿತ್ತು.

"ಮೆರ್ವಿ ಲೇಬಲ್ ಇಲ್ಲ."

"ಬೆಂಚಿನ ಕೆಳಗೆ ನೋಡಿದ್ಯಾ?"

"ಬೆಂಚಿನ ಕೆಳಗೆ, ಬಕೆಟ್ಟಲ್ಲಿ, ಮೋರೀಲಿ. ಎಲ್ಲೂ ಇಲ್ಲ." ಟವೆಲ್ ಬಿಗಿಮಾಡಿಕೊಂಡ. "ಕಾಲೆರ್ವೊ ಹಿಂಭಾಗದಲ್ಲಿ ಒಂದು ಎಲೆ ಅಂಟಿತ್ತು."

"ಸೊಪ್ಪಲ್ಲಿ ಹೊಡ್ಕೊಂಡ್ರೆ ಎಲೆ ಅಂಟದೆ ಇನ್ನೇನು?"

"ಚೌಕವಾಗಿತ್ತು."

"ಚೌಕದ ಎಲೆ ಯಾವ ಮರದಲ್ಲಿ ಬಿಡುತ್ತೋ ಮಂಕೆ?"

"ಕನ್ನಡಕ ಇರ್ಲಿಲ್ಲ."

"ಅವನನ್ನ ಕೇಳ್ಬಾರ್ದಿತ್ತಾ?"

"ಸೌನಾದಲ್ಲಿ ಇನ್ನೊಬ್ಬ ಗಂಡಸಿನ ಹಿಂಭಾಗದ ಬಗ್ಗೆ ಏನಂತ ಮಾತೆತ್ತಲಿ?"

ಅದೂ ನಿಜವೇ. ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಫೋನ್ ಬಡಿದುಕೊಂಡಿತು. ರೈಲಿ.

"ಅಕ್ಕಾ, ನಿಮ್ಮನೆ ಸೌನಾದಲ್ಲಿ ಏನ್ ನಡೀತಿದೆ? ನನ್ ಗಂಡನ ಅಂಡಿನ ಮೇಲೆ ಇಬ್ಬರು ಹೆಂಗಸ್ರ ಹೆಸರಿದೆ!"

ರೇಯೊ ನನ್ನ ಕೈಯಿಂದ ಫೋನ್ ಕಸಿದುಕೊಂಡ. "ರೈಲಿ, ಕೀಳ್ಬೇಡ! ದಮ್ಮಯ್ಯ, ಕೀಳ್ಬೇಡ!"

"ಕೀಳೋದಾ? ಭಾವ, ನಾನು ಅವನ ಕತ್ತನ್ನೇ ಕೀಳ್ತೀನಿ. ಯಾವಳು ಈ ಸಾತು?"

"ಅವನನ್ನ ಕೂರೋಕೂ ಬಿಡ್ಬೇಡ. ಹಂಗೇ ಕರ್ಕೊಂಡ್ ಬಾ."

ಕಾಲೆರ್ವೊ ಸೀಟಿಗೆ ತಾಗದಂತೆ ಪೆಡಲ್ ಮೇಲೆ ನಿಂತು ಸೈಕಲ್ ತುಳಿದುಕೊಂಡು ಬಂದ. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ರೈಲಿ. ಬೀದಿಯವರೆಲ್ಲ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನೋಡಿದರು.

ಸೌನಾದ ಬೆಂಚಿನ ಮೇಲೆ ಅವನನ್ನು ಬೋರಲು ಮಲಗಿಸಿದೆವು. ಒಲೆಗೆ ಎರಡು ಸೀಳು ಸೌದೆ, ಕಲ್ಲಿಗೆ ಒಂದು ಸೌಟು ನೀರು. ರೇಯೊ ಈ ಸಲ ಕನ್ನಡಕ ಹಾಕಿಕೊಂಡಿದ್ದ. ಬೆಣ್ಣೆ ಸವರುವ ಮರದ ಚಾಕು ಹಿಡಿದು ಒಂದು ಮೂಲೆಯಿಂದ ಬಿಡಿಸತೊಡಗಿದ.

"ಕಚಗುಳಿ ಆಗ್ತಿದೆ ಕಣೋ."

"ಅಲ್ಲಾಡಿದ್ರೆ ನೋಡು. ಇಬ್ಬರು ಅಕ್ಕತಂಗೀರ ಬಾಳು ನಿನ್ ಮೇಲೆ ಅಂಟ್ಕೊಂಡಿದೆ."

"ನನ್ ಬಾಳು?"

"ಅದು ರೈಲೀನ ಕೇಳು."

ರೈಲಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. "ನಿಧಾನಕ್ಕೆ ಮಾಡಿ ಭಾವ, ನನಗೇನೂ ಅವಸರ ಇಲ್ಲ" ಎಂದಳು.

ಇಪ್ಪತ್ತು ನಿಮಿಷ ಹಿಡಿಯಿತು. ಲೇಬಲ್ಲು ಇಡಿಯಾಗಿ ಬಂತು. ಬರೆದ ಶಾಯಿ ಗಟ್ಟಿಯಿತ್ತು, ಎರಡು ಹೆಸರೂ ಉಳಿದವು. ಅಂಟಿಗೆ ಹತ್ತಿದ್ದ ಕಾಲೆರ್ವೊನ ಕೂದಲನ್ನು ರೇಯೊ ಚಿಮಟದಿಂದ ಒಂದೊಂದಾಗಿ ಆರಿಸಿದ.

ಭಾನುವಾರ ಬೆಳಿಗ್ಗೆ ಲೇಬಲ್ಲು ತನ್ನ ಡಬ್ಬಿಯ ಮೇಲೆ ನೆಟ್ಟಗೆ ಕೂತಿತ್ತು. ಎಲ್ಲಿ ಹೋಗಿ ಬಂತೆಂದು ಮೆರ್ವಿಗೆ ಹೇಳಬೇಡ ಎಂದೆ.

"ಅವಳ ಸಾಮಾನು. ಗೊತ್ತಿರ್ಬೇಕು" ಎಂದ.

ಮೆರ್ವಿ ಹಡಗುಕಟ್ಟೆಯಿಂದ ತಂಗಿಯನ್ನು ನೇರ ನಮ್ಮ ಅಂಗಳಕ್ಕೇ ಕರೆತಂದಳು. ಇಬ್ಬರೂ ಟ್ಯಾಕ್ಸಿಯ ಆಚೆ ಈಚೆ ನಿಂತರು, ಒಬ್ಬರ ಮುಖ ಒಬ್ಬರು ನೋಡದೆ. ರೇಯೊ ಕಾರ್ಟ್ರಿಜ್ಜನ್ನು ಬಾನೆಟ್ಟಿನ ಮೇಲಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ. ಮೂರೇ ಮಾತು. ಅದರಲ್ಲಿ ಸೌನಾ ಬಂತು, ಕಾಲೆರ್ವೊನ ಹಿಂಭಾಗ ಬಂತು, ಚಾಕು ಬಂತು.

ಆಯಿತು, ಸಾತು ಹಡಗು ಹತ್ತಿದಳು ಎಂದುಕೊಂಡೆ.

ಸಾತು ಲೇಬಲ್ಲನ್ನೇ ನೋಡುತ್ತಿದ್ದಳು. "ಎಷ್ಟು ಹೊತ್ತು ಇತ್ತು ಅಲ್ಲಿ?"

"ಒಂದೂವರೆ ಗಂಟೆ" ಎಂದ ರೇಯೊ. "ಸೈಕಲ್ ಸೇರಿ."

ಮೆರ್ವಿಯ ಮೂಗಿನಿಂದ ಒಂದು ಸದ್ದು ಬಂತು. ಸಾತು ಬಾನೆಟ್ಟಿಗೆ ಒರಗಿ ಕೂತೇಬಿಟ್ಟಳು. ಇಬ್ಬರೂ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಾನು ಕಾಫಿ ಇಟ್ಟು ಬಂದರೂ ಇನ್ನೂ ನಗುತ್ತಿದ್ದರು.

"ತಗೋ ಸಾತು. ನಿನಗೇ ಅಂತ ಸರಿಮಾಡಿಸಿದ್ದು."

"ಅಯ್ಯೋ, ಬೇಡಕ್ಕ. ದೊಡ್ಡವಳು ನೀನು. ನೀನೇ ಇಟ್ಕೋ."

"ಒಂಬತ್ತು ವರ್ಷ ಇದಕ್ಕೇ ಮುನಿಸ್ಕೊಂಡಿದ್ಯಲ್ಲೇ!"

"ಆಗ ಇದು ಅಷ್ಟು ಊರು ಸುತ್ತಿರ್ಲಿಲ್ಲ."

ಟ್ಯಾಕ್ಸಿ ಹತ್ತಿ ಹೊರಡುವಾಗ ಸಾತು ಅದನ್ನು ಕರವಸ್ತ್ರದಲ್ಲಿ ಹಿಡಿದು ಅಕ್ಕನ ಮಡಿಲಲ್ಲಿಟ್ಟಳು. ಮೆರ್ವಿ ಕೂಗಿಕೊಂಡು ತಿರುಗಿ ಅವಳ ಮಡಿಲಿಗೇ ಎಸೆದಳು. ಟ್ಯಾಕ್ಸಿ ರಸ್ತೆಗೆ ಇಳಿಯುವವರೆಗೂ ಅದು ಆಚೆ ಈಚೆ ಹಾರಾಡುತ್ತಲೇ ಇತ್ತು.

"ಹಂಗೆಲ್ಲ ಎಸೀಬೇಡಿ, ಮೂಲೆ ಏಳುತ್ತೆ!" ಎಂದು ರೇಯೊ ಗೇಟಿನವರೆಗೆ ಹಿಂದೆ ಓಡಿದ.