ನೆನೆಸಿದ ಗೋಣಿಚೀಲ

ಲಗ್ಗೆರೆಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ಮನೆಮನೆಗೆ ಊಟ ತಲುಪಿಸುವ ಒಬ್ಬ ಬಾಡಿಗೆಗಿದ್ದ. ಬಾಗಲಕೋಟೆ ಕಡೆಯವನು. ಬಿಸಿಲಲ್ಲಿ ಸುತ್ತಿ ಬಂದರೆ, ತಾನು ನೀರು ಕುಡಿಯುವ ಮೊದಲು ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ ಬಿಚ್ಚಿ ಮೆಟ್ಟಿಲ ಕೆಳಗಿನ ನೆರಳಲ್ಲಿ ಇಡುತ್ತಿದ್ದ. ಆಗಾಗ ಅಂಗೈಯಿಟ್ಟು ಬಿಸಿ ನೋಡುತ್ತಿದ್ದ.

“ಬೇಗ ಚಾರ್ಜಿಗಾಕಪ್ಪ, ಆರ್ಡರ್ ತಪ್ಪೋಯ್ತವೆ,” ಎಂದು ನಾನು ಹೇಳಿದರೆ, “ಆರಲಿ ತಡೀರಿ ಅಮ್ಮಾರ. ಬಿಸಿ ಇದ್ದಾಗ ಹಚ್ಚಿದ್ರ ಕೆಡತೈತಿ,” ಎನ್ನುತ್ತಿದ್ದ.

ಮೊಮ್ಮಗಳು ಹುಟ್ಟಿದ ದಿನ ಉರಿಬಿಸಿಲಲ್ಲಿ ನನ್ನನ್ನು ಅದೇ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ವಾಪಸ್ ಕರೆತಂದವನು ಅವನೇ. ಆ ಪುಟ್ಟ ಮುಖ ನೋಡಿ ಬಂದ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವನು ಬ್ಯಾಟರಿಯನ್ನು ನೆರಳಿಗಿಟ್ಟು ಮಲಗಲು ಹೋದ. ಅವನಿಗೂ ಏನಾದರೂ ಒಳ್ಳೆಯದು ಮಾಡಬೇಕೆನಿಸಿತು. ನೀರಿನ ಮಡಕೆಗೆ ಸುತ್ತುವ ಹಾಗೆ ಗೋಣಿಚೀಲ ನೆನೆಸಿ ಬ್ಯಾಟರಿಗೆ ಸುತ್ತಿದೆ. ಮೇಲೆ ಎರಡು ಚೊಂಬು ನೀರನ್ನೂ ಹಾಕಿದೆ. ಅವನು ಏಳುವ ಹೊತ್ತಿಗೆ ಬಿಚ್ಚಿ ಒರೆಸಿಟ್ಟೆ.

ಬೈಕು ಮತ್ತೆ ಚಾಲೂ ಆಗಲೇ ಇಲ್ಲ.

“ಬಿಸಿಲಿಗೆ ಹೋಗೇತ್ರಿ. ಇವತ್ತ ಭಾಳ ಓಡಿಸಿದೆ, ನಂದ ತಪ್ಪು,” ಎಂದ.

ಒಗೆಯುವ ಕಲ್ಲಿನ ಮೇಲೆ ಗೋಣಿಚೀಲ ಇನ್ನೂ ತೊಟ್ಟಿಕ್ಕುತ್ತಿತ್ತು. ಅವನ ಕಣ್ಣಿಗೆ ಬೀಳದಂತೆ ಅದನ್ನು ಎತ್ತಿ ಒಳಗಿಟ್ಟೆ.

ಹೊಸ ಬ್ಯಾಟರಿ ಕೊಳ್ಳುವಷ್ಟು ದುಡ್ಡು ಅವನಲ್ಲಿರಲಿಲ್ಲ; ಬೈಕಿಲ್ಲದೆ ಕೆಲಸ ಉಳಿಯಲಿಲ್ಲ. ತಿಂಗಳೊಳಗೆ ಕೋಣೆ ಬಿಟ್ಟು ಊರಿಗೆ ಹೊರಟ. ಹೋಗುವಾಗ, ಹೊಸದಾಗಿ ಎಲೆಕ್ಟ್ರಿಕ್ ಗಾಡಿ ಕೊಂಡಿದ್ದ ನನ್ನ ಮಗನಿಗೆ, “ಬಿಸಿಲಾಗ ಭಾಳ ಓಡಿಸಬ್ಯಾಡ ಅಣ್ಣಾ. ನಾ ಓಡಿಸಿ ಕೆಟ್ಟೆ,” ಎಂದು ಬುದ್ಧಿ ಹೇಳಿದ. ಮಗ ತಲೆಯಾಡಿಸಿದ. ನಾನು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲ್ಲೇ ಕೂತಿದ್ದೆ.