ಅಜ್ಜಿಯ ಮೇಲೆ ಹಾಕಿದ ತಪ್ಪು

ಇವತ್ತು ಬೆಳಿಗ್ಗೆ ನಂಜನಗೂಡಿನ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ದಸರಾ ಬಂತೆಂದು ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಟೆರೇಸಿನ ಮೇಲೆ ಹರವಿದ್ದರು. ಬಿಸಿಲಿಗೆ ಕಾದ ಹಳೆ ಬಟ್ಟೆಯ ವಾಸನೆಗೆ ನಾನು ಹುಟ್ಟಿ ಬೆಳೆದ ಹೆಮ್ಮಿಗೆಯ ಮನೆ ಕಣ್ಣೆದುರು ಬಂತು.

ಅಲ್ಲೂ ಮಳೆ ಬಿಟ್ಟು ಬಿಸಿಲು ಬಿದ್ದ ಕೂಡಲೇ ಅವ್ವ ಕೌದಿಗಳನ್ನೆಲ್ಲ ನಾಲೆಗೆ ಹೊತ್ತು ಒಗೆದು ತರುತ್ತಿದ್ದಳು. ಒಂದು ವರ್ಷ, ಹಾಗೆ ಒಣಗಿಸಿ ತಂದ ಮರುದಿನವೇ, ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದ ನಾನು ಕೌದಿಯಲ್ಲಿ ಉಚ್ಚೆ ಹೊಯ್ದುಬಿಟ್ಟೆ. ಆಗ ನನಗೆ ಒಂಬತ್ತು ವರ್ಷ.

"ಯಾರಮ್ಮಿ ಇದ್ ಮಾಡಿದ್ದು?" ಅವ್ವ ಗದರಿದಳು.

"ಅಜ್ಜಿ ಕಣವ್ವಾ," ಅಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಊಂ ಕಣವ್ವ, ವಯಸ್ಸಾಯ್ತಲ್ಲಾ, ಗೊತ್ತಾಗ್ನಿಲ್ಲ," ಎಂದಳು.

ಅವತ್ತಿನಿಂದ ಅವ್ವ ಅಜ್ಜಿಗೆ ಗೋಣಿತಾಟು ಕೊಟ್ಟು ಜಗಲಿಯಲ್ಲಿ ಮಲಗಿಸತೊಡಗಿದಳು. ಸಂಜೆಯ ಮೇಲೆ ನೀರು ಕೇಳಿದರೂ ಅರ್ಧ ಲೋಟವಷ್ಟೇ. ಚಳಿ ಶುರುವಾದರೂ ಅಜ್ಜಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೂ ಪಕ್ಕದ ಟೆರೇಸಿನ ಹೊದಿಕೆಗಳತ್ತ ನೋಡಿ, "ಪಾಪ, ನಿಮ್ಮಜ್ಜಿಗೆ ಕೊನೆಕೊನೆಗೆ ಉಚ್ಚೆ ತಡಿಯಕ್ಕೇ ಆಯ್ತಿರ್ನಿಲ್ಲ," ಎಂದಳು.

ನಾನು ತಟ್ಟೆ ನೋಡುತ್ತಲೇ ಹೌದು ಅಂದುಬಿಟ್ಟೆ.